ಬಾಗಿಲ ಹಿಂದಿನ ಚೀಲ

ಹಾಸನ ಜಿಲ್ಲೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಅಚ್ಚಾಗುವುದು ಬೇಡ ಎಂದು ಕೇಳಿಕೊಂಡಿದ್ದಾರೆ. ಅವರ ಪತಿಗೆ 44 ವರ್ಷ. ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಪತ್ನಿಯ ರಕ್ತದ ಗುಂಪು ಹೊಂದುವುದಿಲ್ಲ, ಅತ್ತೆಗೆ ಸಕ್ಕರೆ ಕಾಯಿಲೆ. ಹೀಗಾಗಿ ಮೃತ ದಾನಿಯ ಕಿಡ್ನಿಗಾಗಿ ಹೆಸರು ನೋಂದಾಯಿಸಿ ಕಾಯುತ್ತಿದ್ದಾರೆ. ಪತ್ರದ ಒಂದು ಭಾಗ ಹೀಗಿದೆ:

"ಬೆಳಗ್ಗೆ ಪತ್ರಿಕೆ ಬಿಡಿಸಿದ ಕೂಡಲೇ ಅಪಘಾತದ ಸುದ್ದಿ ಹುಡುಕುತ್ತೇನೆ. ಸತ್ತವರ ವಯಸ್ಸು ನೋಡುತ್ತೇನೆ. ಆಮೇಲೆ ದೇವರ ಮುಂದೆ ದೀಪ ಹಚ್ಚಲು ಕೈ ಬರುವುದಿಲ್ಲ. ಇನ್ನೊಂದು ಮನೆ ಹಾಳಾಗಲಿ ಎಂದು ಕಾಯುವುದು ಪಾಪವಲ್ಲವೇ? ಕಸಿ ಆದ ಮೇಲಾದರೂ ಇವರು ಮೊದಲಿನಂತಾಗುತ್ತಾರೆಯೇ? ಇವರ ಆಸೆ ದೊಡ್ಡದೇನಲ್ಲ. ಹಿತ್ತಾಳೆ ಚೊಂಬಿನ ತುಂಬ ನೀರು ಗಟಗಟ ಕುಡಿಯಬೇಕು, ಅಷ್ಟೇ ಎನ್ನುತ್ತಾರೆ."

ಸಹೋದರಿ,

ನಿಮ್ಮ ಪತ್ರ ಓದಿದ ದಿನವೇ ಉತ್ತರ ಬರೆಯಲು ಕುಳಿತೆ, ಆಗಲಿಲ್ಲ, ಎದ್ದುಬಿಟ್ಟೆ. ಸತ್ತವರ ವಯಸ್ಸು ನೋಡುತ್ತೇನೆ ಎಂದಿದ್ದೀರಲ್ಲ, ಆ ಸಾಲನ್ನು ದಾಟಿ ಮುಂದೆ ಹೋಗಲು ನನ್ನಿಂದಾಗಲಿಲ್ಲ. ನನ್ನ ತಮ್ಮ ಇದೇ ಪಟ್ಟಿಯಲ್ಲಿ ಎರಡು ವರ್ಷ ಏಳು ತಿಂಗಳು ಕಾದ. ಆ ದಿನಗಳಲ್ಲಿ ನಾನೂ ನೋಡಿದ್ದೇನೆ. ವಯಸ್ಸಷ್ಟೇ ಅಲ್ಲ, ತಲೆಗೆ ಪೆಟ್ಟು ಬಿದ್ದಿದೆಯೇ, ಯಾವ ಊರಿನ ಆಸ್ಪತ್ರೆಗೆ ಸಾಗಿಸಿದರು ಎಂಬುದನ್ನೂ ಓದಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನೂ ಅದನ್ನೇ ಮಾಡುತ್ತಿದ್ದಳೆಂದು ತಿಳಿದದ್ದು ಎಲ್ಲ ಮುಗಿದ ಎಷ್ಟೋ ತಿಂಗಳ ಮೇಲೆ.

ಅದು ಪಾಪವಲ್ಲ. ಸಮಾಧಾನಕ್ಕಾಗಿ ಹೇಳುವ ಮಾತಲ್ಲ ಇದು. ಆ ಕಡೆಯ ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಾದ ಮೇಲೆ ನನ್ನ ಎದೆಯ ಭಾರ ಇಳಿಯಿತು, ಅದನ್ನೇ ನಿಮಗೂ ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದವರನ್ನೋ ಮಿದುಳಿನಲ್ಲಿ ರಕ್ತಸ್ರಾವವಾದವರನ್ನೋ ತೀವ್ರ ನಿಗಾ ಘಟಕದಲ್ಲಿ ಉಳಿಸಿಕೊಳ್ಳಲು ವೈದ್ಯರು ಕೈಲಾದದ್ದೆಲ್ಲ ಮಾಡುತ್ತಾರೆ. ಉಸಿರಾಟವನ್ನು ನಡೆಸುವ ಮಿದುಳುಕಾಂಡ ಸತ್ತಿದೆ ಎಂಬ ಅನುಮಾನ ಬಂದ ಮೇಲೂ ಒಬ್ಬರ ಮಾತಿನ ಮೇಲೆ ಏನೂ ನಡೆಯುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಬೇಕು. ಕನಿಷ್ಠ ಆರು ಗಂಟೆಯ ಅಂತರದಲ್ಲಿ ಅದೇ ಪರೀಕ್ಷೆಗಳನ್ನು ಎರಡನೇ ಸಲ ಮಾಡಬೇಕು. ಕಸಿ ಮಾಡುವ ತಂಡದ ವೈದ್ಯರು ಆ ಮಂಡಳಿಯಲ್ಲಿ ಇರುವಂತಿಲ್ಲ. ನಿಮ್ಮ ಪತಿಯ ಹೆಸರು ಪಟ್ಟಿಯಲ್ಲಿದೆ ಎಂಬ ಸಂಗತಿ ಆ ಕೋಣೆಯೊಳಗೆ ಕಾಲಿಡುವುದೇ ಇಲ್ಲ. ನೀವು ಪತ್ರಿಕೆ ನೋಡಿದರೂ ನೋಡದಿದ್ದರೂ ಆ ಜೀವ ಅಷ್ಟು ಹೊತ್ತಿಗೆ ಹೋಗಿಯಾಗಿರುತ್ತದೆ.

ಆಮೇಲೆ ಆ ಮನೆಯವರನ್ನು ಕೇಳುತ್ತಾರೆ. ನೀವು ಕಾಯುತ್ತಿರುವುದು ಆ ಗಳಿಗೆಗೆ. ಯಂತ್ರದ ಉಸಿರಿನಿಂದ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಸತ್ತಿದ್ದಾರೆ ಎಂದರೆ ನಂಬುವುದು ಹೇಗೆ? ಕಣ್ಣಿನ ದಾನವಾದರೆ ಹೃದಯ ನಿಂತು ಕೆಲವು ಗಂಟೆಗಳಾದ ಮೇಲೂ ಸಾಧ್ಯ. ಮೃತ ದಾನಿಯ ಕಿಡ್ನಿ, ಯಕೃತ್ತು, ಹೃದಯ ಸಿಗುವುದು ನಮ್ಮಲ್ಲಿ ಬಹುಪಾಲು ಇಂಥ ಸಾವಿನಲ್ಲಿ ಮಾತ್ರ. ಹಾಗಾಗಿ ಕಣ್ಣಿಗೆ ಒಪ್ಪುವ ಎಷ್ಟೋ ಮನೆಗಳು ಇಲ್ಲಿ ಹಿಂಜರಿಯುತ್ತವೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಹೇಳಿದಾಗ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಇಡೀ ನಾಡು ಆಸ್ಪತ್ರೆಯತ್ತ ಕಣ್ಣಿಟ್ಟಿತ್ತು. ಆ ಗದ್ದಲದ ನಡುವೆ, ಆ ದುಃಖದಲ್ಲಿ ಹಾಗೆ ಒಪ್ಪಲು ಎಂಥ ಗಟ್ಟಿ ಮನಸ್ಸು ಬೇಕು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ದೀಪ ಹಚ್ಚಲು ಕೈ ಬರುವುದಿಲ್ಲ ಎಂದಿರಿ. ಹಚ್ಚಿ. ಎಲ್ಲೋ ಒಂದು ಮನೆಗೆ ಆ ಹೊತ್ತಿನಲ್ಲಿ 'ಆಗಲಿ' ಎನ್ನುವ ಶಕ್ತಿ ಬರಲಿ ಎಂದು ಕೇಳಿಕೊಳ್ಳಿ. ಅದನ್ನು ಬಾಯಿಬಿಟ್ಟು ಕೇಳಲು ನಾಚಬೇಕಿಲ್ಲ.

ಕಾಯುವುದೆಂದರೆ ಸುಮ್ಮನೆ ಕುಳಿತಿರುವುದಲ್ಲ ಎಂಬುದನ್ನು ನಾವು ತಡವಾಗಿ ಕಲಿತೆವು. ಕರೆ ಬಂದ ದಿನ ಒಂದು ಹುಳುಕು ಹಲ್ಲಿನ ಕೀವು ಸಾಕು, ಅವಕಾಶ ಕೈತಪ್ಪಿ ಹೋಗುತ್ತದೆ. ಹಲ್ಲು ತೋರಿಸಿ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ನೋಡಿಕೊಳ್ಳಿ. ಹಿಮೋಗ್ಲೋಬಿನ್ ಇಳಿದಾಗ ರಕ್ತ ಏರಿಸುವ ಮಾತು ಬಂದರೆ, ಇವರ ಹೆಸರು ಕಸಿ ಪಟ್ಟಿಯಲ್ಲಿದೆ ಎಂದು ವೈದ್ಯರಿಗೆ ನೆನಪಿಸಿ. ಪರರ ರಕ್ತ ಮೈಗೆ ಸೇರಿದಷ್ಟೂ ಪರರ ಅಂಗಕ್ಕೆ ತಿರುಗಿಬೀಳುವ ಪ್ರತಿಕಾಯಗಳು ಬೆಳೆಯುವ ಸಂಭವ ಹೆಚ್ಚು, ಆಗ ಹೊಂದುವ ಕಿಡ್ನಿ ಸಿಗುವುದು ಕಷ್ಟ. ಆದಷ್ಟು ಹಿಮೋಗ್ಲೋಬಿನ್ ಏರಿಸುವ ಚುಚ್ಚುಮದ್ದಿನಲ್ಲೇ ನಿಭಾಯಿಸಲು ಅವರು ನೋಡುತ್ತಾರೆ. ಆಸ್ಪತ್ರೆಯ ಕಸಿ ಸಂಯೋಜಕರ ಬಳಿ ಮನೆಯ ಮೂವರ ಮೊಬೈಲ್ ಸಂಖ್ಯೆ ಇರಲಿ, ಸಂಖ್ಯೆ ಬದಲಾದ ದಿನವೇ ತಿಳಿಸಿ. ಕರ್ನಾಟಕದಲ್ಲಿ ಈ ಪಟ್ಟಿಯನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ. ನಿಮಗೆ ಕರೆ ಬರುವುದು ನೀವು ನೋಂದಾಯಿಸಿದ ಆಸ್ಪತ್ರೆಯಿಂದಲೇ. ರಕ್ತದ ಗುಂಪು ಹೊಂದದ ದಂಪತಿಗೆ ಇನ್ನೂ ಒಂದು ದಾರಿ ಇದೆ. ನಿಮ್ಮಂಥದೇ ಇಕ್ಕಟ್ಟಿನಲ್ಲಿರುವ ಇನ್ನೊಂದು ಕುಟುಂಬದೊಡನೆ ಅದಲುಬದಲಾಗಿ ದಾನ ಮಾಡಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಸಂಯೋಜಕರನ್ನು ಕೇಳಿ ನೋಡಿ. ಆದರೆ ನೆಂಟರ ಚುಚ್ಚುಮಾತಿಗೆ ಮಣಿದು ಮಾತ್ರ ಆ ಹೆಜ್ಜೆ ಇಡಬೇಡಿ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಇದರಲ್ಲಿ ಪ್ರೀತಿ ಎಷ್ಟು, ಒತ್ತಾಯ ಎಷ್ಟು ಎಂದು ಕೇಳದೆ ಇರಲಾರೆ.

ಕರೆ ಬಂದ ಕೂಡಲೇ ಕಸಿ ಆಯಿತೆಂದು ನಂಬಬೇಡಿ. ನಮ್ಮ ಮನೆಯ ಬಾಗಿಲ ಹಿಂದೆ ಒಂದು ಕಂದು ಚೀಲ ಸದಾ ಸಿದ್ಧವಿರುತ್ತಿತ್ತು: ಎರಡು ಲುಂಗಿ, ಫೈಲು, ಆಧಾರ್ ಪ್ರತಿಗಳು, ಮೊಬೈಲ್ ಚಾರ್ಜರ್, ಅಮ್ಮ ತುರುಕಿದ ಕುಂಕುಮದ ಪೊಟ್ಟಣ. ಮೊದಲ ಕರೆ ಬಂದದ್ದು ರಾತ್ರಿ ಹತ್ತೂವರೆಗೆ. ಏನೂ ತಿನ್ನಬೇಡಿ, ನೀರೂ ಬೇಡ, ಹೊರಡಿ ಎಂದರು. ಶಿವಮೊಗ್ಗದಿಂದ ಬೆಂಗಳೂರಿನವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಬೆಳಗಿನ ಜಾವ ತಲುಪಿದೆವು, ರಕ್ತ ತೆಗೆದುಕೊಂಡರು. ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುತ್ತಾರೆ. ದಾನಿಯ ಜೀವಕೋಶಗಳಿಗೆ ರೋಗಿಯ ರಕ್ತ ತಿರುಗಿಬೀಳುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ಮೊದಲಿನವರು ಹೊಂದದಿದ್ದರೆ ಮುಂದಿನವರಿಗೆ ಸಿಗಬೇಕಲ್ಲ. ಇದನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬೇರೊಬ್ಬರಿಗೆ ಹೊಂದಿತು ಎಂದು ತಿಳಿಸಿದರು. ಎದುರು ಬೆಂಚಿನಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಅವನ ಹೆಸರು ಕೂಗಿದರು. ನನ್ನ ತಮ್ಮ ಎದ್ದು ಹೋಗಿ ಅವನ ಕೈಹಿಡಿದು 'ಒಳ್ಳೆಯದಾಗಲಿ' ಎಂದು ಬಂದ. ತಿರುಗಿ ಬರುವಾಗ ತುಮಕೂರಿನವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ. ಚೀಲ ಮತ್ತೆ ಬಾಗಿಲ ಹಿಂದೆ ಹೋಯಿತು. ಎರಡನೇ ಕರೆ ಬಂದದ್ದು ಎಂಟು ತಿಂಗಳ ಮೇಲೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮೊದಲಿನಂತಾಗುತ್ತಾರೆಯೇ? ಡಯಾಲಿಸಿಸ್‌ನ ದಿನಗಳಿಗಿಂತ ಬಹಳ ಮೇಲು. ಕೆಲಸಕ್ಕೆ ಹೋಗಬಹುದು, ಊರು ಸುತ್ತಬಹುದು, ಬೇಕಾದದ್ದನ್ನು ಬಹುಮಟ್ಟಿಗೆ ತಿನ್ನಬಹುದು. ಆದರೆ ಕಾಯಿಲೆ ಇರಲೇ ಇಲ್ಲ ಎಂಬಂತೆ ಆಗುವುದಿಲ್ಲ. ಒಂದು ನಿಯಮದಿಂದ ಬಿಡಿಸಿಕೊಂಡು ಇನ್ನೊಂದು ನಿಯಮಕ್ಕೆ ಹೋಗುತ್ತೀರಿ. ಹೊಸ ಕಿಡ್ನಿಯನ್ನು ಕೆಳಹೊಟ್ಟೆಯ ಒಂದು ಬದಿಗೆ ಕೂರಿಸುತ್ತಾರೆ, ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಮೃತ ದಾನಿಯ ಕಿಡ್ನಿ ಎಷ್ಟೋ ಗಂಟೆ ಮಂಜುಗಡ್ಡೆಯಲ್ಲಿ ಇದ್ದು ಬಂದಿರುತ್ತದೆ. ಹೀಗಾಗಿ ಕೆಲವು ಸಲ ಕೂಡಲೇ ಕೆಲಸ ಶುರುಮಾಡುವುದಿಲ್ಲ. ಇದನ್ನು ದಯವಿಟ್ಟು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ನಮಗೆ ಗೊತ್ತಿಲ್ಲದೆ ನಾವು ಸತ್ತು ಬದುಕಿದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು ಎಂದರು, ಮೂತ್ರದ ಚೀಲ ಮಾತ್ರ ಬರಿದು. ಕಸಿ ಆದ ಮೇಲೂ ಮತ್ತೆ ಡಯಾಲಿಸಿಸ್. 'ಕಿಡ್ನಿ ಮಲಗಿದೆ, ಏಳುತ್ತದೆ' ಎಂದು ಶುಶ್ರೂಷಕಿ ದಿನಾ ಹೇಳುತ್ತಿದ್ದರು. ಹನ್ನೆರಡನೇ ದಿನ ಬೆಳಗ್ಗೆ ನಾನು ಗಾಜಿನ ಆಚೆ ನಿಂತಿದ್ದೆ. ಕೊಳವೆಯಲ್ಲಿ ತಿಳಿಹಳದಿ ಗೆರೆಯೊಂದು ಇಳಿದು ಬಂತು. ಶುಶ್ರೂಷಕಿ ಚೀಲವನ್ನು ಎತ್ತಿ ನನಗೆ ತೋರಿಸಿದರು. ನಲವತ್ತು ಮಿಲಿ ಲೀಟರ್.

ಅವತ್ತು ನಾವು ಸಂತೋಷಪಟ್ಟೆವು. ತಮ್ಮ ಸಂಜೆ ಫೋನಿನಲ್ಲಿ ಒಂದೇ ಮಾತು ಹೇಳಿದ: 'ಯಾವ ಜಾತಿಯವರೋ, ಯಾವ ಧರ್ಮದವರೋ, ಅವರ ಮನೆಯಲ್ಲೂ ಇವತ್ತು ಹನ್ನೆರಡನೇ ದಿನ.' ದಾನಿ ಯಾರೆಂದು ಹೇಳುವುದಿಲ್ಲ, ಹೇಳಬಾರದು ಕೂಡ. ಗೊತ್ತಿಲ್ಲದಿರುವುದರಿಂದ ಭಾರ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಮೂರನೇ ತಿಂಗಳಲ್ಲಿ ಅವನು ಸಂಜೆಯಾದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಸ್ಟೀರಾಯ್ಡ್ ಮಾತ್ರೆಯೂ ಮನಸ್ಸನ್ನು ಏರುಪೇರು ಮಾಡುತ್ತದೆ ಎಂದು ವೈದ್ಯರು ತಿಳಿಸಿ ಮನೋವೈದ್ಯರ ಬಳಿ ಕಳಿಸಿದರು. ಅದು ಸರಿಯಾದ ಕೆಲಸ. ಬೇಕಾದದ್ದು ಸಿಕ್ಕ ಮೇಲೂ ಅಳುತ್ತಾರಲ್ಲ ಎಂದು ನಿಮ್ಮವರ ಮೇಲೆ ಸಿಟ್ಟಾಗಬೇಡಿ. ನಾನು ಸಿಟ್ಟಾಗಿದ್ದೆ, ಅದಕ್ಕೆ ಇವತ್ತಿಗೂ ನೋವಿದೆ.

ಮಾತ್ರೆಗಳ ವಿಷಯದಲ್ಲಿ ನಾನು ಕಠಿಣವಾಗಿ ಹೇಳುತ್ತೇನೆ. ಮೈಯ ಕಾವಲು ಪಡೆಗೆ ಹೊಸ ಕಿಡ್ನಿ ಎಂದೆಂದಿಗೂ ಪರಕೀಯವೇ. ಅದನ್ನು ಸುಮ್ಮನಿರಿಸುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ನುಂಗಬೇಕು, ಆ ಕಿಡ್ನಿ ಕೆಲಸ ಮಾಡುತ್ತಿರುವಷ್ಟು ಕಾಲವೂ. ನಮ್ಮ ಮನೆಯಲ್ಲಿ ಬೆಳಗ್ಗೆ ಒಂಬತ್ತು, ರಾತ್ರಿ ಒಂಬತ್ತಕ್ಕೆ ಮೂರು ಮೊಬೈಲ್‌ಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ರಕ್ತದಲ್ಲಿ ಮದ್ದಿನ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಬೇಕು. ದೇವನಹಳ್ಳಿ ಚಕ್ಕೋತ ನಮ್ಮ ಹೆಮ್ಮೆಯ ಹಣ್ಣು, ಆದರೆ ಇವರಿಗೆ ಬೇಡ. ಅದು ಈ ಮದ್ದಿನ ಮಟ್ಟವನ್ನು ಏರಿಸಿಬಿಡಬಹುದು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಅಮೃತಬಳ್ಳಿ ಕಷಾಯ ತರುವ ನೆಂಟರು ಖಂಡಿತ ಬರುತ್ತಾರೆ. ಯಾವ ಶಕ್ತಿಯನ್ನು ತಗ್ಗಿಸಲು ವೈದ್ಯರು ಹೆಣಗುತ್ತಿದ್ದಾರೋ ಅದನ್ನೇ ಏರಿಸುವ ಮದ್ದು ಅದು. ಕೈಮುಗಿದು ಹಿಂದಿರುಗಿಸಿ. ಮೊದಲ ತಿಂಗಳುಗಳಲ್ಲಿ ಹಸಿ ತರಕಾರಿ, ಹೊರಗಿನ ಚಟ್ನಿ, ತೋಟದ ಮಣ್ಣು ಯಾವುದೂ ಸಲ್ಲದು. ಹಿತ್ತಲಿನ ಗುಲಾಬಿ ಪಾತಿಗೆ ಕೈ ಹಾಕುವಂತಿಲ್ಲ ಎಂದು ತಮ್ಮ ಕೊರಗುತ್ತಿದ್ದ. ಟ್ಯಾಕ್ರೋಲಿಮಸ್ ಸಿಕ್ಕಿದ್ದೇ ಮಣ್ಣಿನಲ್ಲಿ, 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಾಣುವಿನಿಂದ ಅದನ್ನು ತೆಗೆದರು ಎಂದು ಅವನಿಗೆ ಓದಿ ಹೇಳಿದಾಗ ಬಹಳ ದಿನಗಳ ಮೇಲೆ ಮುಖ ಅರಳಿತ್ತು.

ಮುಖ ದುಂಡಗಾಗುತ್ತದೆ. 'ತುಂಬಿಕೊಂಡಿದ್ದಾನೆ' ಎಂದು ಅಮ್ಮನಿಗೆ ಖುಷಿ, ಕನ್ನಡಿ ನೋಡಿದರೆ ಅವನಿಗೆ ಸಂಕಟ. ಕೈ ನಡುಗುತ್ತದೆ. ಅವನು ಪ್ರೌಢಶಾಲೆಯ ಮೇಷ್ಟ್ರು, ಹಲಗೆಯ ಮೇಲೆ ಅಕ್ಷರ ಓರೆಯಾದರೆ ಮಕ್ಕಳು ಮಾತಿಲ್ಲದೆ ಬರೆದುಕೊಳ್ಳುತ್ತಿದ್ದರಂತೆ. ಮದ್ದಿನ ಪ್ರಮಾಣ ಇಳಿದ ಹಾಗೆ ಎರಡೂ ತಗ್ಗಿದವು. ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ತೂಕ ಒಮ್ಮೆಲೇ ಏರಿದರೆ, ಕಸಿ ಮಾಡಿದ ಜಾಗ ನೋಯುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಿ. ಖರ್ಚಿನ ಬಗ್ಗೆ ಪತ್ರದಲ್ಲಿ ಏನೂ ಬರೆದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ರಾಜ್ಯ ಸರ್ಕಾರದ ಅಂಗಾಂಗ ಕಸಿ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿ ಈಗಲೇ ವಿಚಾರಿಸಿ, ಕರೆ ಬಂದ ರಾತ್ರಿ ಕಾಗದಪತ್ರ ಹೊಂದಿಸಲು ಆಗುವುದಿಲ್ಲ. ಮತ್ತೆ ನೀವು ನಿದ್ದೆ ಮಾಡಿ. ಫೋನನ್ನು ಒಂದು ರಾತ್ರಿ ನಿಮ್ಮ ಮೈದುನನೋ ಅಣ್ಣನೋ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಲಿ.

ಇನ್ನು ಆ ಚೊಂಬಿನ ವಿಷಯ. ಡಯಾಲಿಸಿಸ್‌ನ ದಿನಗಳಲ್ಲಿ ನನ್ನ ತಮ್ಮನಿಗೆ ದಿನಕ್ಕೆ ಮುಕ್ಕಾಲು ಲೀಟರ್ ಲೆಕ್ಕ. ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು, ಎಲ್ಲ ಅದರಲ್ಲೇ. ಬಾಯಾರಿದಾಗ ಮಂಜುಗಡ್ಡೆಯ ಚೂರೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಕಿಡ್ನಿ ಎದ್ದ ಮೇಲೆ ವೈದ್ಯರು ದಿನಕ್ಕೆ ಮೂರು ಲೀಟರ್ ಕುಡಿಯಬೇಕು ಎಂದರು. ಮೊದಲ ದಿನ ಅವನು ಲೋಟ ಹಿಡಿದು ಬಹಳ ಹೊತ್ತು ಕುಡಿಯಲೇ ಇಲ್ಲ, ತಪ್ಪು ಮಾಡುತ್ತಿದ್ದೇನೇನೋ ಎಂಬಂತೆ ನನ್ನ ಮುಖ ನೋಡಿದ. ತಿಂಗಳು ಕಳೆಯುವಷ್ಟರಲ್ಲಿ 'ಇನ್ನೂ ಕುಡಿಯಬೇಕೇ' ಎಂದು ಅಮ್ಮನೊಂದಿಗೆ ಜಗಳ. ನಿಮ್ಮ ಹಿತ್ತಾಳೆ ಚೊಂಬನ್ನು ಬೆಳಗಿ ಮನೆಯಲ್ಲೇ ಇಟ್ಟಿರಿ. ಆಸ್ಪತ್ರೆಯಲ್ಲಿ ಕುದಿಸಿ ಆರಿಸಿದ ನೀರನ್ನು ಗೆರೆ ಹಾಕಿದ ಬಾಟಲಿಯಲ್ಲಿ ಅಳೆದು ಕೊಡುತ್ತಾರೆ, ಕುಡಿದದ್ದನ್ನೂ ಹೋದದ್ದನ್ನೂ ಬರೆದಿಡಬೇಕು. ಬಾಗಿಲ ಹಿಂದಿನ ಚೀಲದಲ್ಲಿ ಒಂದು ನೋಟ್‌ಪುಸ್ತಕ, ಎರಡು ಪೆನ್ನು ಹಾಕಿಡಿ.

– ಸಂ.