ಆಕೆಯ ಜೊತೆ ನಿಂತವರ ಬಗ್ಗೆಯೂ ಬರೆಯಿರಿ

ಬೆಂಗಳೂರು

ಮಾನ್ಯರೇ,

ಕೋವಿಡ್‌ನಲ್ಲಿ ಗಂಡನನ್ನು ಕಳೆದುಕೊಂಡು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿದು ಇಬ್ಬರು ಮಕ್ಕಳನ್ನು ಓದಿಸುತ್ತಿರುವ ತಾಯಿಯ ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಭಾಷೆ ಚೆನ್ನಾಗಿದೆ. ಆದರೆ ಕಷ್ಟವನ್ನು ಗೆಲ್ಲುವವರು ಹುಟ್ಟಿನಿಂದಲೇ ಗಟ್ಟಿಗರು ಎಂಬ ನಿಮ್ಮ ವಾದವನ್ನು ನೀವು ಬರೆದ ಸಂಗತಿಗಳೇ ಅಲ್ಲಗಳೆಯುತ್ತವೆ.

ನೀವು ಆಧಾರವಾಗಿಟ್ಟುಕೊಂಡಿರುವ ಅಮೆರಿಕದ ಮನೋವಿಜ್ಞಾನಿ ಎಮ್ಮಿ ವರ್ನರ್ ಅವರ ಅಧ್ಯಯನವನ್ನೇ ನೋಡೋಣ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಅವರ ತಂಡ ದಶಕಗಳ ಕಾಲ ಗಮನಿಸುತ್ತಾ ಹೋಯಿತು. ಬಡತನ, ಹೆರಿಗೆಯ ತೊಡಕು, ಮನೆಯೊಳಗಿನ ಕಲಹಗಳಂಥ ಹಲವು ಅಪಾಯಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದರಷ್ಟು ಮಂದಿ ಸಮರ್ಥರಾದರು ಎಂಬಲ್ಲಿಗೆ ನೀವು ನಿಲ್ಲಿಸಿದ್ದೀರಿ. ಅವರ ಸ್ವಭಾವಕ್ಕೆ ಪಾತ್ರವಿತ್ತು, ನಿಜ. ಜೊತೆಗೆ ಅಜ್ಜಿಯೋ ಚಿಕ್ಕಮ್ಮನೋ ಶಿಕ್ಷಕರೋ ಯಾರಾದರೊಬ್ಬರು ಆಸರೆಯಾಗಿದ್ದರು ಎಂಬುದನ್ನು ವರ್ನರ್ ಒತ್ತಿ ಹೇಳಿದ್ದಾರೆ. ಹರೆಯದಲ್ಲಿ ದಾರಿ ತಪ್ಪಿದ್ದ ಅನೇಕರು, ಓದಿಗೋ ಉದ್ಯೋಗಕ್ಕೋ ಮತ್ತೊಂದು ಅವಕಾಶ ಸಿಕ್ಕ ಮೇಲೆ, ನಡುವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡರು. ಎಲ್ಲವೂ ಹುಟ್ಟಿನಲ್ಲೇ ತೀರ್ಮಾನವಾಗಿದ್ದರೆ ಇದು ಸಾಧ್ಯವಿತ್ತೇ? ಆರೈಕೆ, ನಂಟು, ಕಲಿಕೆಯಂಥ ತೀರಾ ಸಾಮಾನ್ಯ ಆಧಾರಗಳು ಕೆಡದೆ ಉಳಿದಾಗ ಪುಟಿದೇಳುವ ಶಕ್ತಿ ಒದಗುತ್ತದೆಂದು ಮನೋವಿಜ್ಞಾನಿ ಆನ್ ಮ್ಯಾಸ್ಟನ್ ಕೂಡ 2001ರಲ್ಲಿ ವಾದಿಸಿದರು.

ನಿಮ್ಮ ಲೇಖನದಲ್ಲಿ ಆ ಆಧಾರಗಳೆಲ್ಲ ಇವೆ. ಓವರ್‌ಟೈಮ್ ಕೆಲಸವಿದ್ದ ದಿನ ಮಕ್ಕಳಿಗೆ ಉಣಬಡಿಸಿದ ಎದುರುಮನೆಯಾಕೆ, ಬಾಡಿಗೆಗೆ ಅವಸರ ಮಾಡದ ವಠಾರದ ಮಾಲೀಕರು, ಶಾಲೆ ಬಿಟ್ಟಿದ್ದ ಮಗಳನ್ನು ಮನೆಗೇ ಬಂದು ಕರೆದೊಯ್ದ ಮೇಷ್ಟ್ರು, ರೇಷನ್ ಅಂಗಡಿಯ ಅಕ್ಕಿ. ಇವರಿಗೆಲ್ಲ ಒಂದೊಂದು ವಾಕ್ಯ ಕೊಟ್ಟು, ಆಕೆಯ ಮನೋಬಲದ ಹೊಗಳಿಕೆಗೆ ಎರಡು ಪುಟ ಕೊಟ್ಟಿದ್ದೀರಿ. ಇದು ನನ್ನನ್ನು ನಿಜಕ್ಕೂ ಕಾಡುತ್ತಿದೆ, ಏಕೆಂದರೆ ಇದೇ ಊರಿನಲ್ಲಿ, ಇಂಥದೇ ಸಾವಿನ ನಂತರ ಯಾರ ನೆರವೂ ಸಿಗದೆ ಕುಸಿದ ತಾಯಿಯೊಬ್ಬಳು ಆ ಪುಟಗಳನ್ನು ಓದಿದರೆ, ತನ್ನ ಮನಸ್ಸೇ ದುರ್ಬಲವೆಂದು ನಂಬಿಬಿಡುತ್ತಾಳೆ.

ಸಾವಿನ ದುಃಖದ ಬಗ್ಗೆ ಸಂಶೋಧನೆ ಮಾಡಿದ ಮನೋವಿಜ್ಞಾನಿ ಜಾರ್ಜ್ ಬೊನಾನೊ ಅವರ ಹೆಸರಿನಲ್ಲಿ ಬರೆದಿರುವ ‘ಅಳದವರೇ ಗಟ್ಟಿಗರು’ ಎಂಬ ಸಾಲನ್ನು ತೆಗೆದುಬಿಡಿ. ಚೇತರಿಸಿಕೊಳ್ಳುವವರಿಗೂ ಕೆಲಕಾಲ ದುಃಖ, ನಿದ್ರಾಹೀನತೆ ಇರುತ್ತವೆಂದು ಅವರೇ ಒಪ್ಪುತ್ತಾರೆ.

ಆ ಮೇಷ್ಟ್ರನ್ನೂ ಎದುರುಮನೆಯಾಕೆಯನ್ನೂ ಭೇಟಿಮಾಡಿ, ಅವರು ಏನು ಮಾಡಿದರು, ಏಕೆ ಮಾಡಿದರು ಎಂದು ಕೇಳಿ ಬರೆಯಿರಿ. ಆಕೆ ಕೇಳಿಯೂ ಸಿಗದೆ ಹೋದ ನೆರವು ಯಾವುದೆಂಬುದೂ ಅಲ್ಲಿರಲಿ. ಸಿದ್ಧಾಂತದ ಭಾಗವನ್ನು ಅರ್ಧಕ್ಕಿಳಿಸಿ ಮತ್ತೆ ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ.

ಇಂತಿ,
ಸಂಪಾದಕ