ಅತ್ತೆಯ ಹಿಡಿ ಎಷ್ಟು ಗ್ರಾಂ?

ಅಡುಗೆ ಬರೆಯೋದರ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಒಂದು ಬಹಳ ಉದ್ದ ಇತ್ತು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅರ್ಧ ಜಾಗ ಅದಕ್ಕೇ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಗಳೂ ಅದರ ನೆಂಟರೇ.

ಪ್ರಶ್ನೆ: ಅಕ್ಕ, ನಾನಿರೋದು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ. ಮದುವೆಯಾಗಿ ಒಂಬತ್ತು ವರ್ಷ. ಗಂಡನ ಮನೆಯವರು ಮೆಕ್ಸಿಕೋದಿಂದ ಬಂದವರು. ನಮ್ಮಲ್ಲಿ ಒಂದು ದಿನ ಅವರ ಕಡೆಯ ತೆಳು ರೊಟ್ಟಿ ಟೊರ್ಟಿಯಾ, ಒಂದು ದಿನ ಅನ್ನ-ಹುಳಿ, ಕೆಲವು ದಿನ ಎರಡೂ ಒಂದೇ ತಟ್ಟೆಯಲ್ಲಿ. ಎರಡು ವರ್ಷದಿಂದ ಇದನ್ನೆಲ್ಲ ಕನ್ನಡದಲ್ಲಿ ಬರೆದು, ವಿಡಿಯೊ ಮಾಡಿ ಆನ್‌ಲೈನ್‌ನಲ್ಲಿ ಹಾಕುತ್ತಿದ್ದೇನೆ. ಕಷ್ಟ ಎರಡು. ಅತ್ತೆ ಏನನ್ನೂ ಅಳೆಯುವುದಿಲ್ಲ, ಕೇಳಿದರೆ ‘ಹಿಟ್ಟೇ ಹೇಳುತ್ತೆ’ ಅಂತಾರೆ. ನಾನು ಅಂದಾಜಿನಲ್ಲಿ ಬರೆದದ್ದನ್ನು ಮಾಡಿದವರು ಸರಿ ಬರಲಿಲ್ಲ ಅಂತ ಬೈತಾರೆ. ಇನ್ನೊಂದು, ಹುಳಿಗೆ ಅತ್ತೆಯ ಗ್ವಾಹಿಯೊ ಮೆಣಸಿನಕಾಯಿ ಹಾಕಿದರೆ ನಮ್ಮವರು ‘ಇದು ಹುಳಿಯೇ ಅಲ್ಲ’ ಅಂತಾರೆ. ಟೊರ್ಟಿಯಾದಲ್ಲಿ ಆಲೂಗಡ್ಡೆ ಪಲ್ಯ ಸುತ್ತಿದರೆ ಅವರ ಕಡೆಯವರು ಮುಖ ಸಿಂಡರಿಸುತ್ತಾರೆ. ನಾನು ಯಾರಿಗಂತ ಬರೆಯಲಿ?

ಉತ್ತರ: ಮೊದಲು ಅತ್ತೆಯ ಕೈ ವಿಷಯ ಮುಗಿಸೋಣ.

ಅವರನ್ನು ಅಳೆಯಿರಿ ಅಂತ ಕೇಳಲೇಬೇಡಿ. ಕೇಳಿದ ತಕ್ಷಣ ಕೈ ತಪ್ಪುತ್ತದೆ. ಅವರ ಪಾಡಿಗೆ ಅವರು ಮಾಡಲಿ, ನೀವು ಡಬ್ಬಿ ತೂಗಿ. ಅಡುಗೆ ಶುರುವಾಗುವ ಮೊದಲು ಹಿಟ್ಟಿನ ಡಬ್ಬಿ, ಉಪ್ಪಿನ ಡಬ್ಬಿ, ನೀರಿನ ಜಗ್ಗು ಎಲ್ಲವನ್ನೂ ತಕ್ಕಡಿ ಮೇಲಿಟ್ಟು ಬರೆದುಕೊಳ್ಳಿ. ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅಳತೆ. ಮೂರು ಸಲ ಮಾಡಿ, ಒಂದೇ ಸಲ ಸಾಲದು.

ನನ್ನ ಅಮ್ಮ ಇಲ್ಲಿ ಅಮೆರಿಕಕ್ಕೆ ಬಂದಿದ್ದಾಗ ಸಾರಿನಪುಡಿಗೆ ನಾನು ಹೀಗೇ ಮಾಡಿದ್ದೆ. ‘ಒಂದು ಹಿಡಿ’ ಕೊತ್ತಂಬರಿ ಬೀಜ ಮೊದಲ ಸಲ 24 ಗ್ರಾಂ, ಆಮೇಲೆ 29, ಆಮೇಲೆ 26. ಮೆಂತ್ಯ ಮಾತ್ರ ಮೂರೂ ಸಲ 2 ಗ್ರಾಂ, ಒಂದು ಕಾಳು ಆಚೀಚೆ ಇಲ್ಲ. ಅಂದ್ರೆ ಕೊತ್ತಂಬರಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತೆ, ಮೆಂತ್ಯ ಜಾಸ್ತಿಯಾದರೆ ಕಹಿ. ಅಮ್ಮ ಅದನ್ನು ಬಾಯಲ್ಲಿ ಯಾವತ್ತೂ ಹೇಳಿರಲಿಲ್ಲ, ಅವರ ಬೆರಳಿಗೆ ಗೊತ್ತಿತ್ತು. ನಿಮ್ಮ ಅತ್ತೆಯ ಕೈ ಎಲ್ಲಿ ಸಡಿಲ, ಎಲ್ಲಿ ಬಿಗಿ ಅನ್ನೋದನ್ನು ಹೀಗೆ ಹುಡುಕಿ. ಬರೆಯುವಾಗ ಅದನ್ನೂ ಬರೆಯಿರಿ: ‘ಇದು ಸುಮಾರಾಗಿ ಸಾಕು, ಇದು ಮಾತ್ರ ತೂಗಿಯೇ ಹಾಕಿ’ ಅಂತ. ಎಷ್ಟೋ ಪಾಕವಿಧಾನಗಳಲ್ಲಿ ಇಲ್ಲದೇ ಇರೋದು ಈ ಒಂದು ಸಾಲು.

ಹಾಗಂತ ‘ಹಿಟ್ಟೇ ಹೇಳುತ್ತೆ’ ಅನ್ನೋದು ಸುಳ್ಳಲ್ಲ. ಅದು ಏನು ಹೇಳುತ್ತೆ ಅಂತ ನೀವು ಬರೆದಿಲ್ಲ, ಅಷ್ಟೇ. ಟೊರ್ಟಿಯಾ ಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟು ಉಂಡೆ ತಗೊಂಡು ಹೆಬ್ಬೆರಳಲ್ಲಿ ಒತ್ತಿ. ಅಂಚು ಬಿರುಕು ಬಿಟ್ಟರೆ ನೀರು ಸಾಲದು. ಕೈಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಅತ್ತೆ ಅದನ್ನೇ ನೋಡುತ್ತಿರುತ್ತಾರೆ. ಮುಂದಿನ ಸಲ ಅವರ ಮುಖ ಬಿಟ್ಟು ಹೆಬ್ಬೆರಳಿನ ಮೇಲೆ ಕ್ಯಾಮೆರಾ ಇಡಿ.

ಇನ್ನು ‘ಸರಿ ಬರಲಿಲ್ಲ’ ಅಂದವರು ಯಾವ ಕಪ್ಪಿನಲ್ಲಿ ಅಳೆದರು ಅಂತ ಕೇಳಿದ್ದೀರಾ? ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್. ಆಸ್ಟ್ರೇಲಿಯಾದ್ದು 250, ಜಪಾನಿನದು 200. ರೈಸ್ ಕುಕ್ಕರ್ ಜೊತೆ ಬರುವ ಕಪ್ 180. ಅಮೆರಿಕದ ಟೇಬಲ್ ಸ್ಪೂನ್ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದ್ದು 20. ಕೆಲವರಿಗೆ ಕಪ್ ಅಂದರೆ ಕಾಫಿ ಕುಡಿಯುವ ಕಪ್. ಅದು ಸಾಲದು ಅಂತ ಮೈದಾವನ್ನು ಚಮಚದಲ್ಲಿ ಮೆಲ್ಲಗೆ ತುಂಬಿದರೆ ಒಂದು ಕಪ್ 120 ಗ್ರಾಂ ಆಸುಪಾಸು, ಕಪ್ಪನ್ನೇ ಡಬ್ಬಿಗೆ ತೂರಿಸಿ ಒತ್ತಿ ತೆಗೆದರೆ 150ರವರೆಗೂ ಹೋಗುತ್ತೆ. ಆದ್ದರಿಂದ ಹಿಟ್ಟು ಬಂದ ಕಡೆಯೆಲ್ಲ ಗ್ರಾಂ ಬರೆಯಿರಿ, ಪಕ್ಕದಲ್ಲಿ ಬೇಕಾದರೆ ಕಪ್. ಓವನ್ನಿಗೆ ಬರೀ 350 ಅಂತ ಬರೆದರೆ ಊರಲ್ಲಿ ಓದುವವರು ತಬ್ಬಿಬ್ಬಾಗುತ್ತಾರೆ. ಅಲ್ಲಿನ ಸಣ್ಣ ಓವನ್‌ಗಳ ಗುಂಡಿ ಸಾಮಾನ್ಯವಾಗಿ 250ಕ್ಕೇ ನಿಲ್ಲುತ್ತದೆ, ಅದು ಸೆಲ್ಸಿಯಸ್. ನಿಮ್ಮ 350 ಫ್ಯಾರನ್‌ಹೀಟ್ ಅವರಿಗೆ ಸುಮಾರು 175.

ಮೆಣಸಿನಕಾಯಿಯದು ಇದಕ್ಕಿಂತ ದೊಡ್ಡ ಗೋಳು. ನಿಮ್ಮ ಪಾಕವಿಧಾನದಲ್ಲಿ ‘ಒಣಮೆಣಸಿನಕಾಯಿ 5’ ಅಂತ ಬರೆದಿದ್ದೀರಿ. ಯಾವುದು? ಆಂಚೊ ಅಂದ್ರೆ ಅಗಲವಾಗಿ, ಕಪ್ಪಗೆ, ಒಣದ್ರಾಕ್ಷಿ ಥರ ಸಿಹಿ ಸಿಹಿ. ಆರ್ಬೊಲ್ ಅಂದ್ರೆ ಕಡ್ಡಿಯಷ್ಟು ಸಪೂರ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಐದು ಆಂಚೊ ಹಾಕಿದವರು ಖಾರವೇ ಇಲ್ಲ ಅಂತಾರೆ, ಐದು ಆರ್ಬೊಲ್ ಹಾಕಿದವರು ನಿಮಗೆ ಶಾಪ ಹಾಕ್ತಾರೆ. ನೀವು ಬಳಸುವ ಗ್ವಾಹಿಯೊ ಬಣ್ಣ ಚೆನ್ನಾಗಿ ಕೊಡುತ್ತೆ, ಖಾರ ಕಡಿಮೆ. ಆ ಲೆಕ್ಕದಲ್ಲಿ ನಮ್ಮ ಬ್ಯಾಡಗಿಯ ಕೆಲಸವನ್ನೇ ಮಾಡುತ್ತೆ, ರುಚಿ ಮಾತ್ರ ಬೇರೆ. ಹೆಸರು ಹಾಕಿ, ತೂಕ ಹಾಕಿ, ‘ಬ್ಯಾಡಗಿ ಇದ್ದರೆ ಅದೂ ಆಗುತ್ತೆ’ ಅಂತ ಒಂದು ಮಾತು ಸೇರಿಸಿ.

ಈಗ ‘ಇದು ಹುಳಿಯೇ ಅಲ್ಲ’ ಅನ್ನುವವರ ವಿಷಯ. ಎರಡು ಊರಿನ ಅಡುಗೆ ಒಂದೇ ಮನೆಯಲ್ಲಿ ಬೆರೆಯೋದು ನೀವಿರುವ ರಾಜ್ಯದಲ್ಲೇ ನೂರು ವರ್ಷದ ಹಿಂದೆ ನಡೆದ ಸಂಗತಿ. 1900ರ ನಂತರದ ವರ್ಷಗಳಲ್ಲಿ ಪಂಜಾಬಿನ ರೈತರು ಕ್ಯಾಲಿಫೋರ್ನಿಯಾಕ್ಕೆ ಹೊಲದ ಕೆಲಸಕ್ಕೆ ಬಂದರು, ಬಹುಪಾಲು ಗಂಡಸರೇ. 1917ರ ಕಾನೂನು ಏಷ್ಯಾದ ಹೆಚ್ಚಿನ ಭಾಗದಿಂದ ವಲಸೆಯನ್ನೇ ಮುಚ್ಚಿಬಿಟ್ಟಿತು, ಊರಿಂದ ಹೆಂಡತಿಯನ್ನು ಕರೆಸುವಂತಿಲ್ಲ. ಬಿಳಿಯರನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡುತ್ತಿರಲಿಲ್ಲ. ಆ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1948ರಲ್ಲಿ. ಹೀಗಾಗಿ ಇಂಪೀರಿಯಲ್ ವ್ಯಾಲಿಯ ಕಡೆ ಎಷ್ಟೋ ಪಂಜಾಬಿಗಳು ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಮಕ್ಕಳು ತಾಯಿಯ ಜೊತೆ ಸ್ಪ್ಯಾನಿಷ್ ಮಾತಾಡಿಕೊಂಡು, ಚರ್ಚಿಗೆ ಹೋಗಿಕೊಂಡು ಬೆಳೆದರು. ಅಪ್ಪನ ಊರು ಉಳಿದದ್ದು ಜಾಸ್ತಿ ಊಟದಲ್ಲೇ. ಆ ಮನೆಗಳಲ್ಲಿ ರೊಟ್ಟಿ, ಟೊರ್ಟಿಯಾ ಎರಡೂ ಬೇಯುತ್ತಿದ್ದವು. ಯೂಬಾ ಸಿಟಿಯಲ್ಲಿ ಅಂಥ ಒಂದು ಕುಟುಂಬದ ಹೋಟೆಲಿನಲ್ಲಿ 1954ರಿಂದ ಸುಮಾರು ನಲವತ್ತು ವರ್ಷ ಟೊರ್ಟಿಯಾಕ್ಕೆ ಚೀಸ್ ತುಂಬಿ ಮಾಡುವ ಕೆಸಡಿಯಾವನ್ನು ರೊಟ್ಟಿಯಲ್ಲೇ ಮಾಡಿ ಬಡಿಸುತ್ತಿದ್ದರು. ನೀವು ಪಲ್ಯ ಸುತ್ತಿದ್ದು ಏನು ಮಹಾ!

ಆದರೆ ನಿಮ್ಮನ್ನು ಪೂರ್ತಿ ಬಿಟ್ಟುಬಿಡಲ್ಲ. ಟೀಕೆ ಮಾಡುವವರ ಮಾತಿನಲ್ಲಿ ಒಂದು ಎಳೆ ಸರಿ ಇದೆ. ನನ್ನ ವಾರಗಿತ್ತಿ ಫಿಲಿಪೀನ್ಸಿನವಳು. ಅಡೋಬೊ ಅಂದ್ರೆ ಸಾಮಾನ್ಯವಾಗಿ ಮಾಂಸವನ್ನು ವಿನೆಗರ್‌ನಲ್ಲಿ ಬೇಯಿಸುವ ಅವರ ಅಡುಗೆ. ಅವಳಿಂದ ಕಲಿತ ಅದನ್ನು ನಾನು ಒಮ್ಮೆ ವಿನೆಗರ್ ಬದಲು ಹುಣಸೆಹಣ್ಣು ಹಾಕಿ ಮಾಡಿ, ‘ಫಿಲಿಪಿನೊ ಅಡೋಬೊ’ ಅಂತಲೇ ಬರೆದುಬಿಟ್ಟೆ. ರುಚಿಯಾಗಿತ್ತು, ಸುಳ್ಳಲ್ಲ. ಅವಳು ಓದಿ ನಕ್ಕಳು, ಆಮೇಲೆ ಸುಮ್ನಾದಳು. ‘ಅಡೋಬೊಗೆ ವಿನೆಗರೇ ಜೀವ, ಹುಣಸೆಹಣ್ಣು ಹಾಕಿದರೆ ಅದು ಸಿನಿಗಾಂಗ್ ಅನ್ನೋ ನಮ್ಮ ಹುಳಿ ಸಾರಿನ ಕಡೆ ಹೋಗುತ್ತೆ, ನನ್ನ ಅಮ್ಮ ಇದನ್ನು ನೋಡಿದರೆ ನಾನೇ ಹೀಗೆ ಹೇಳಿಕೊಟ್ಟೆ ಅಂದ್ಕೋತಾರೆ’ ಅಂದಳು. ನಾನು ಹುಣಸೆಹಣ್ಣು ಹಾಕಿದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಹಾಕಿದ್ದನ್ನು ಹೇಳದೆ ಇದ್ದದ್ದಕ್ಕೆ ಬೇಜಾರು. ಅವತ್ತಿನಿಂದ ನಾನು ಮೊದಲ ಸಾಲಲ್ಲೇ ಬರೆದುಬಿಡುತ್ತೇನೆ: ಯಾರಿಂದ ಕಲಿತೆ, ಅವರು ಹೇಗೆ ಮಾಡ್ತಾರೆ, ನಾನು ಎಲ್ಲಿ ದಾರಿ ಬಿಟ್ಟೆ, ಯಾಕೆ. ನೀವೂ ‘ಗ್ವಾಹಿಯೊ ಹಾಕಿದ ನಮ್ಮನೆ ಹುಳಿ’ ಅನ್ನಿ. ಬ್ಯಾಡಗಿ ಮುಗಿದಿತ್ತು, ಅತ್ತೆಯ ಹತ್ತಿರ ಇದು ಚೀಲಗಟ್ಟಲೆ ಇತ್ತು ಅಂತ ಬರೆದರೆ ಓದುವವರಿಗೆ ಅದೇ ಇಷ್ಟ ಆಗುತ್ತೆ. ಯಾರಿಗೆ ಬರೆಯಲಿ ಅಂದ್ರಲ್ಲ, ನಿಮ್ಮ ಮನೆಗೆ ಯಾವತ್ತೂ ಬಾರದ, ನಿಮ್ಮ ಅತ್ತೆಯನ್ನು ನೋಡದ ಒಬ್ಬರಿಗೆ ಬರೆಯಿರಿ. ಮುಖ ಸಿಂಡರಿಸುವವರು ಹೇಗೂ ಊಟಕ್ಕೆ ಬಂದೇ ಬರ್ತಾರೆ.

ಅತ್ತೆಯ ಹೆಸರು, ಮುಖ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ಇದನ್ನು ನೀವು ಬರೆದಿರಲಿಲ್ಲ, ನಾನೇ ಸೇರಿಸುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮೆಕ್ಸಿಕೋ ಟೊರ್ಟಿಯಾದ ವಿಡಿಯೊ ನೋಡಿ ಅಂಗಡಿಯಿಂದ ಕಾರ್ನ್‌ಫ್ಲೋರ್ ತಂದು ಕಲಸಿದೆ. ಗೋಂದು ಥರ ಆಯ್ತು. ಮನೆಯವರೆಲ್ಲ ನಕ್ಕರು. ಎಲ್ಲಿ ತಪ್ಪಿದೆ?

ಉತ್ತರ: ನೀವು ತಪ್ಪಿಲ್ಲ, ಹೆಸರು ತಪ್ಪಿದೆ. ಭಾರತದಲ್ಲೂ ಬ್ರಿಟನ್ನಿನಲ್ಲೂ ಕಾರ್ನ್‌ಫ್ಲೋರ್ ಅಂದರೆ ಮೆಕ್ಕೆಜೋಳದ ಪಿಷ್ಟ, ಗೋಬಿ ಮಂಚೂರಿಗೆ ಹಾಕುವ ಆ ಬಿಳಿ ಪುಡಿ. ಅಮೆರಿಕದವರು ಅದಕ್ಕೆ ಕಾರ್ನ್‌ಸ್ಟಾರ್ಚ್ ಅಂತಾರೆ. ಅವರು ಕಾರ್ನ್‌ಫ್ಲೋರ್ ಅಂದರೆ ಇಡೀ ಕಾಳಿನ ಹಿಟ್ಟು. ಟೊರ್ಟಿಯಾಕ್ಕೆ ಅದೂ ಅಲ್ಲ. ಬೇಕಾದದ್ದು ಮಾಸಾ ಹರೀನಾ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು, ರುಬ್ಬಿ, ಒಣಗಿಸಿದ ಹಿಟ್ಟು ಅದು. ಹೌದು, ಸುಣ್ಣವೇ. ಸುಣ್ಣಕ್ಕೆ ಸಿಪ್ಪೆ ಬಿಡುತ್ತೆ, ಹಿಟ್ಟಿಗೆ ಜಿಗಿ ಬರುತ್ತೆ, ಕಾಳಿನೊಳಗಿರುವ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತುತ್ತೆ. ಮೆಕ್ಕೆಜೋಳ ಅಮೆರಿಕ ಖಂಡದಿಂದ ಯುರೋಪಿಗೆ ಹೋದಾಗ ಈ ಸುಣ್ಣದ ಕೆಲಸ ಜೊತೆಗೆ ಹೋಗಲಿಲ್ಲ. ಬರೀ ಅದನ್ನೇ ತಿಂದುಕೊಂಡಿದ್ದ ಬಡವರಿಗೆ ಆ ವಿಟಮಿನ್ ಸಾಲದೆ ಪೆಲಾಗ್ರ ಅನ್ನೋ ಕಾಯಿಲೆ ಬಂತು. ಪಾಕವಿಧಾನ ಬಿಟ್ಟು ಸಾಮಾನು ಮಾತ್ರ ಒಯ್ದರೆ ಹೀಗೂ ಆಗುತ್ತೆ ನೋಡಿ.

ಮಾಸಾ ಹರೀನಾ ಸಿಕ್ಕರೆ 1 ಕಪ್ಪಿಗೆ ಮುಕ್ಕಾಲು ಕಪ್ ಬಿಸಿನೀರಿನಿಂದ ಶುರುಮಾಡಿ. ಸಿಗದಿದ್ದರೆ ಮೆಕ್ಕೆಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಜೋಳದ ರೊಟ್ಟಿಗೆ ನಾದುವ ಹಾಗೆ ನಾದಿ ತಟ್ಟಿ. ಚೆನ್ನಾಗೇ ಬರುತ್ತೆ. ಅದನ್ನು ಟೊರ್ಟಿಯಾ ಅನ್ನಬೇಡಿ, ಮೆಕ್ಕೆಜೋಳದ ರೊಟ್ಟಿ ಅನ್ನಿ. ಯಾರೂ ನಗಲ್ಲ.

ಪ್ರಶ್ನೆ: ಲಾಸ್ ಏಂಜಲೀಸ್‌ಗೆ ಹೊಸದಾಗಿ ಬಂದಿದ್ದೇನೆ. ಅಮ್ಮನ ಅಡುಗೆಗಳನ್ನು ಬರೆದಿಡಬೇಕು ಅಂತ ಆಸೆ. ಒಗ್ಗರಣೆಗೆ ಕರಿಬೇವಿಲ್ಲ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ತರಿಸಲಾ? ಬದಲಿಗೆ ಬೇ ಎಲೆ ಹಾಕಬಹುದಾ?

ಉತ್ತರ: ಸೂಟ್‌ಕೇಸಿನಲ್ಲಿ ಬೇಡವೇ ಬೇಡ. ಕರಿಬೇವು ನಿಂಬೆ-ಕಿತ್ತಳೆಯ ದಾಯಾದಿ. ಕಿತ್ತಳೆ ಗಿಡಗಳನ್ನು ಕೊಲ್ಲುವ ಒಂದು ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಕೂರುತ್ತದೆ. ಆ ಕೀಟ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಾಣಿಸಿಕೊಂಡದ್ದು 2008ರಲ್ಲಿ, ರೋಗ 2012ರಲ್ಲಿ, ನೀವಿರುವ ಲಾಸ್ ಏಂಜಲೀಸ್ ಕೌಂಟಿಯಲ್ಲೇ. ಆ ರೋಗಕ್ಕೆ ಮದ್ದಿಲ್ಲ. ಅದಕ್ಕೇ ಊರಿಂದ ಹಸಿ ಕರಿಬೇವು ತರುವಂತಿಲ್ಲ, ಇಲ್ಲಿ ಕ್ವಾರಂಟೈನ್ ಮಾಡಿರುವ ಜಾಗದಿಂದ ಗೆಳತಿಗೆ ಅಂತ ಗಿಡ ಒಯ್ಯುವುದಕ್ಕೂ ನಿರ್ಬಂಧ ಇದೆ. ಒಪ್ಪಿಗೆ ಇರುವ ನರ್ಸರಿಯಿಂದ ಗಿಡ ತಂದು ಕುಂಡದಲ್ಲಿ ಬೆಳೆಸಿ.

ತರುವಾಗ ಹುಷಾರು. ನಾನು ಬಂದ ಹೊಸತರಲ್ಲಿ ನರ್ಸರಿಯಲ್ಲಿ ‘ಕರಿ ಪ್ಲಾಂಟ್’ ಅಂತ ಚೀಟಿ ನೋಡಿ ಕುಣಿದಾಡಿಕೊಂಡು ತಂದೆ. ಬೂದಿ ಬಣ್ಣದ, ಸೂಜಿಯಂಥ ಎಲೆ. ಅಮೆರಿಕದಲ್ಲಿ ಕರಿಬೇವು ಹೀಗಿರಬಹುದು ಅಂತ ಸಮಾಧಾನ ಮಾಡಿಕೊಂಡು ಒಗ್ಗರಣೆಗೂ ಹಾಕಿದೆ! ಅದು ಮೆಡಿಟರೇನಿಯನ್ ಕಡೆಯ ಬೇರೆಯೇ ಗಿಡ, ವಾಸನೆ ಮಾತ್ರ ಸ್ವಲ್ಪ ಮಸಾಲೆಯಂತೆ. ನಮ್ಮದರ ಚೀಟಿಯಲ್ಲಿ ‘ಕೊಯೆನಿಗಿ’ ಅನ್ನೋ ಪದ ಇರುತ್ತೆ, ಅದನ್ನು ನೋಡಿ ತಗೊಳ್ಳಿ.

ಬೇ ಎಲೆ ಬದಲಿ ಅಲ್ಲ. ಕರಿಬೇವಿಗೆ ಬದಲಿಯೇ ಇಲ್ಲ. ಇಲ್ಲದಿದ್ದರೆ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿ, ‘ಕರಿಬೇವು ಸಿಕ್ಕರೆ ಹಾಕಿ, ಸಿಗದಿದ್ದರೆ ಬಿಡಿ’ ಅಂತ ಬರೆಯಿರಿ.

ಪ್ರಶ್ನೆ: ನನ್ನ ಅಜ್ಜಿಯ ಪಾಕವಿಧಾನವನ್ನು ಇಲ್ಲಿನ ಒಬ್ಬರು ತಮ್ಮದು ಅಂತ ಹಾಕಿಕೊಂಡಿದ್ದಾರೆ. ಕೇಸ್ ಹಾಕಬಹುದಾ?

ಉತ್ತರ: ಅಮೆರಿಕದಲ್ಲಿ ಬರೀ ಸಾಮಾನಿನ ಪಟ್ಟಿಗೆ ಕಾಪಿರೈಟ್ ಇಲ್ಲ. ಇಷ್ಟು ಬೇಳೆ, ಇಷ್ಟು ಬೆಲ್ಲ ಅನ್ನೋದು ಯಾರ ಸ್ವತ್ತೂ ಅಲ್ಲ. ನೀವು ನಿಮ್ಮ ಮಾತಿನಲ್ಲಿ ಬರೆದ ವಿವರಣೆ, ಅಜ್ಜಿಯ ಕಥೆ, ನೀವು ತೆಗೆದ ಫೋಟೊ, ಇವು ನಿಮ್ಮವು. ಅವನ್ನೇ ಎತ್ತಿದ್ದರೆ, ತೆಗೆಯಿರಿ ಅಂತ ಆ ಜಾಲತಾಣದವರಿಗೆ ನೋಟಿಸ್ ಕಳಿಸಬಹುದು, 1998ರ ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ಬರೀ ಅಳತೆ ಎತ್ತಿದ್ದರೆ ಬಿಟ್ಟುಬಿಡಿ. ಅಜ್ಜಿ ಅದನ್ನು ಯಾರ ಮನೆಯಲ್ಲಿ ಕಲಿತರೋ ಏನೋ.

ಪ್ರಶ್ನೆ: ಹಸಿ ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿಡುವ ವಿಧಾನ ಹಾಕಿದ್ದೆ. ಒಬ್ಬರು ಅಪಾಯ ಅಂದರು. ಸುಮ್ನೆ ಹೆದರಿಸ್ತಿದ್ದಾರಾ?

ಉತ್ತರ: ಇಲ್ಲ, ಅವರು ಹೇಳಿದ್ದು ನಿಜ. ಎಣ್ಣೆಯೊಳಗೆ ಗಾಳಿ ಆಡುವುದಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಹೊರಗಿಟ್ಟರೆ ಬಾಟ್ಯುಲಿಸಂ ಅನ್ನೋ, ಪ್ರಾಣಕ್ಕೇ ಕುತ್ತಾಗಬಲ್ಲ ಕಾಯಿಲೆ ತರುವ ವಿಷ ಹುಟ್ಟಬಹುದು. ಅದಕ್ಕೆ ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಂಥದ್ದೇ ಬೆಳ್ಳುಳ್ಳಿ ಎಣ್ಣೆಯಿಂದ ಹಲವರು ಕಾಯಿಲೆ ಬಿದ್ದಿದ್ದರು. ಹಾಕಿದ್ದನ್ನು ಇವತ್ತೇ ತಿದ್ದಿ: ಸ್ವಲ್ಪವೇ ಮಾಡಿ, ಮಾಡಿದ ಕೂಡಲೇ ಫ್ರಿಜ್ಜಿಗೆ ಹಾಕಿ, ನಾಲ್ಕು ದಿನದಲ್ಲಿ ಮುಗಿಸಿ, ಉಳಿದರೆ ಚೆಲ್ಲಿ ಅಂತ. ಹಿಂದೆ ನೋಡಿ ಮಾಡಿಟ್ಟುಕೊಂಡವರಿಗೂ ಗೊತ್ತಾಗುವ ಹಾಗೆ, ತಿದ್ದಿದ ವಿಷಯ ಮೇಲೇ ಹಾಕಿ, ಕೆಳಗೆಲ್ಲೋ ಮೂಲೆಯಲ್ಲಲ್ಲ.