ಜಿಪ್ಸಿಗೆ ಲಿಫ್ಟ್ ಕಿಟ್: ಸ್ಪ್ರಿಂಗ್ ಬದಲಿಸಿದರಷ್ಟೇ ಕೆಲಸ ಮುಗಿಯದು

ಪ್ರಶ್ನೆ: ನನ್ನದು ಹಳೆಯ ಮಾರುತಿ ಜಿಪ್ಸಿ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಅಡಿಭಾಗ ನೆಲಕ್ಕೆ ಉಜ್ಜುತ್ತದೆ. ವಾಹನವನ್ನು 2 ಇಂಚು ಎತ್ತರಿಸುವ ಲಿಫ್ಟ್ ಕಿಟ್ ತರಿಸಿದ್ದೇನೆ. ಮನೆಯ ಶೆಡ್ಡಿನಲ್ಲೇ ಕೂರಿಸಬಹುದೇ? ಉದ್ದನೆಯ ಶಾಕಲ್ (ಪ್ಲೇಟ್ ಸ್ಪ್ರಿಂಗಿನ ತುದಿಯನ್ನು ವಾಹನದ ಚೌಕಟ್ಟಿಗೆ ಜೋಡಿಸುವ ಕೊಂಡಿ) ಹಾಕಿದರೆ ಸಾಕು, ಕಿಟ್ ದಂಡ ಎನ್ನುತ್ತಾರೆ ನಮ್ಮೂರಿನ ಮೆಕ್ಯಾನಿಕ್.

ಉತ್ತರ: ಕೂರಿಸಬಹುದು. ಆದರೆ ಕಿಟ್ ಬಿಚ್ಚುವ ಮೊದಲು ಉಜ್ಜುತ್ತಿರುವುದು ಯಾವ ಭಾಗ ಎಂದು ಬಗ್ಗಿ ನೋಡಿ. ಈ ಪ್ರಶ್ನೆ ಕಳಿಸುವವರಲ್ಲಿ ಹೆಚ್ಚಿನವರು ಅದನ್ನು ನೋಡಿರುವುದೇ ಇಲ್ಲ. ಜಿಪ್ಸಿಯ ಮುಂದೆಯೂ ಹಿಂದೆಯೂ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ ಇಡಿಯಾದ ಆಕ್ಸಲ್ (ಅಚ್ಚು), ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಅದರೊಳಗೇ ಕುಳಿತಿದೆ. ಸ್ಪ್ರಿಂಗ್ ಎತ್ತರವಾದರೆ ಚಾಸಿ (ವಾಹನದ ಚೌಕಟ್ಟು) ಮತ್ತು ಬಾಡಿ ಮೇಲೇಳುತ್ತವೆಯೇ ಹೊರತು ಡಿಫರೆನ್ಷಿಯಲ್ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. ಚಕ್ರದ ಜಾಡುಗಳ ನಡುವಿನ ದಿಬ್ಬಕ್ಕೆ ತಾಗುತ್ತಿರುವುದು ಡಿಫರೆನ್ಷಿಯಲ್ ಆಗಿದ್ದರೆ, ಕಿಟ್‌ಗೆ ಸುರಿದ ಹಣದಿಂದ ನಿಮಗೆ ಏನೂ ದಕ್ಕುವುದಿಲ್ಲ.

ತಾಗುತ್ತಿರುವುದು ಚಾಸಿಯೇ ಆಗಿದ್ದರೆ ಮುಂದುವರಿಯಿರಿ, ಆದರೆ ಉದ್ದನೆಯ ಶಾಕಲ್‌ನ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಶಾಕಲ್ 2 ಇಂಚು ಉದ್ದವಾದರೆ ವಾಹನ ಏಳುವುದು ಸುಮಾರು 1 ಇಂಚು ಮಾತ್ರ, ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. ಜಿಪ್ಸಿಯ ಮುಂಭಾಗದಲ್ಲಿ ಶಾಕಲ್ ಇರುವುದು ಸ್ಪ್ರಿಂಗಿನ ಮುಂತುದಿಯಲ್ಲಿ. ಆ ತುದಿ ಇಳಿದಾಗ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕೋನ (ಮುಂಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕುಗ್ಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರವಾಗುವುದು ಈ ಕೋನದಿಂದಲೇ. ಅದು ಕುಗ್ಗಿದ ವಾಹನ ತೋಟದೊಳಗೆ ಸರಿಯಾಗಿಯೇ ಇದ್ದಂತೆ ಕಂಡು, ಶಿರಾಡಿ ಘಾಟಿಯ ಇಳಿಜಾರಿನಲ್ಲಿ ವೇಗ ಹಿಡಿದಾಗ ಅತ್ತಿತ್ತ ಅಲೆಯತೊಡಗುತ್ತದೆ. ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟ್ ತಂದು ಜಿಪ್ಸಿಯ ಪ್ಲೇಟ್ ಸೆಟ್ಟಿಗೆ ಸೇರಿಸುವುದೂ ಇಂಥದೇ ಕೆಟ್ಟ ಸಲಹೆ: ಎತ್ತರ ಸಿಗುತ್ತದೆ, ಆದರೆ ಸ್ಪ್ರಿಂಗ್ ಬಾಗುವುದೇ ಇಲ್ಲ, ಹಳ್ಳದಲ್ಲಿ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತ ನಿಲ್ಲುತ್ತದೆ. ಇನ್ನು ಸ್ಪ್ರಿಂಗ್ ಪ್ಲೇಟುಗಳನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಾಗಿಸಿಕೊಡುವವರ ಬಳಿಗೆ ಹೋಗಲೇಬೇಡಿ. ಹಾಗೆ ಕಾಯಿಸಿದ ಉಕ್ಕಿನ ಹದ ಕೆಡುತ್ತದೆ. ಅದು ಕುಸಿಯುವುದೋ ಮುರಿಯುವುದೋ ಎಂಬುದಷ್ಟೇ ಉಳಿಯುವ ಅನುಮಾನ.

ಜಾಕ್, ಸ್ಪ್ಯಾನರ್‌ಗಳ ಬಳಕೆಯನ್ನು ಇಲ್ಲಿ ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಒಂದನ್ನು ಮಾತ್ರ ಹೇಳಲೇಬೇಕು: ಚಾಸಿಯ ಭಾರ ಗಟ್ಟಿ ನೆಲದ ಮೇಲೆ ನಿಂತ ಸ್ಟ್ಯಾಂಡುಗಳ ಮೇಲಿರಬೇಕು, ಜಾಕ್ ಇರುವುದು ಆಕ್ಸಲನ್ನು ಏರಿಸಿ ಇಳಿಸಲು ಮಾತ್ರ. ಶೆಡ್ಡಿನ ನೆಲ ಮಣ್ಣಿನದಾಗಿದ್ದರೆ ಕೆಲಸವನ್ನು ಬೇರೆಡೆ ಮಾಡಿಸಿ, ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಹಳೆಯ ಯು-ಬೋಲ್ಟುಗಳನ್ನು ಮತ್ತೆ ಬಳಸಬೇಡಿ, ಒಮ್ಮೆ ಬಿಗಿದು ಎಳೆದವು ಮತ್ತೆ ಅದೇ ಹಿಡಿತ ಕೊಡುವ ಭರವಸೆಯಿಲ್ಲ. ಪ್ಲೇಟ್ ಸೆಟ್ಟನ್ನು ನಡುವೆ ಸೇರಿಸಿ ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ರಂಧ್ರದಲ್ಲಿ ಪೂರ್ತಿ ಕುಳಿತಿದೆಯೇ ಎಂದು ಬೆರಳಿಟ್ಟು ನೋಡಿದ ಮೇಲೆಯೇ ಯು-ಬೋಲ್ಟುಗಳನ್ನು ಕರ್ಣರೇಖೆಯಂತೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಸ್ಪ್ರಿಂಗ್ ತುದಿಗಳ ಮತ್ತು ಶಾಕಲ್‌ಗಳ ಬೋಲ್ಟುಗಳನ್ನಾದರೋ ಚಕ್ರ ನೆಲಕ್ಕಿಳಿದು ವಾಹನದ ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತಕ್ಕೆ ತರಬೇಕು. ಆಕ್ಸಲ್ ನೇತಾಡುವಾಗಲೇ ಬಿಗಿದರೆ ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಸಿಕ್ಕಿಬಿದ್ದು, ವಾಹನ ಇಳಿದಾಗ ಹಿಂಡಿಕೊಂಡು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಲಿಫ್ಟ್ ಮಾಡಿಸಿದ ಮೇಲೆ ಗಾಡಿ ಕಲ್ಲಿನಂತಾಯಿತು ಎಂದು ದೂರುವವರು ಮೊದಲು ಈ ಬೋಲ್ಟುಗಳನ್ನು ಸಡಿಲಿಸಿ, ನೆಲದ ಮೇಲೆ ಮತ್ತೆ ಬಿಗಿದು ನೋಡಲಿ.

ಆಮೇಲೆ ಆಕ್ಸಲನ್ನು ಪೂರ್ತಿ ಇಳಿಬಿಟ್ಟು, ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ ಬ್ರೇಕ್ ಹೋಸ್‌ಗಳನ್ನು ನೋಡಿ. ಹೋಸ್ ಬಿಗಿಯಾಗಿ ಎಳೆದಂತಿದ್ದರೆ ಉದ್ದನೆಯ ಹೋಸ್ ಬರುವವರೆಗೆ ವಾಹನವನ್ನು ಶೆಡ್ಡಿನಿಂದ ಹೊರಗೆ ತರಬೇಡಿ. ಹೊಸ ಶಾಕ್ ಅಬ್ಸಾರ್ಬರ್ ಮಡಚಿದಾಗಲೂ ಹಳೆಯದಕ್ಕಿಂತ ಉದ್ದವಿದ್ದರೆ, ಬಂಪ್ ಸ್ಟಾಪ್ (ಆಕ್ಸಲ್ ಅತಿಯಾಗಿ ಮೇಲೇಳದಂತೆ ತಡೆಯುವ ರಬ್ಬರ್) ತಾಗುವ ಮೊದಲೇ ಅದು ತಳ ಹೊಡೆದು ಹಾಳಾಗುತ್ತದೆ. ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸರಳಾದ ಡ್ರ್ಯಾಗ್ ಲಿಂಕ್‌ನ ಕೋನ ಬದಲಾಗಿ ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ. ಅದನ್ನು ಸರಿಪಡಿಸಿ, ಅಲೈನ್‌ಮೆಂಟ್ ಮಾಡಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಯುವುದನ್ನು ಯಾರೂ ನೆನಪಿಡುವುದಿಲ್ಲ, ನೀವಾದರೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: 2020ಕ್ಕಿಂತ ಹಿಂದಿನ ಥಾರ್‌ನಲ್ಲಿ ಟಾರ್ಷನ್ ಬಾರ್‌ನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳಿನ) ಬೋಲ್ಟ್ ತಿರುಗಿಸಿದರೆ ಖರ್ಚಿಲ್ಲದೆ ಮುಂಭಾಗ ಏಳುತ್ತದಲ್ಲವೇ?

ಉತ್ತರ: ಏಳುತ್ತದೆ, ಆದರೆ ಚಕ್ರ ಕೆಳಗಿಳಿಯಲು ಇದ್ದ ಅವಕಾಶವನ್ನು ಕಸಿದುಕೊಂಡೇ ಏಳುತ್ತದೆ, ಡ್ರೈವ್ ಶಾಫ್ಟ್‌ನ ಕೀಲುಗಳೂ ಬೇಗ ಸವೆಯುತ್ತವೆ.

ಪ್ರಶ್ನೆ: ಕಾಯಿಲ್ ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ತುಂಡುಗಳು ಒಳ್ಳೆಯವೇ?

ಉತ್ತರ: ಅಲ್ಲ.

ಪ್ರಶ್ನೆ: ಇದೆಲ್ಲ ಕಾನೂನುಬದ್ಧವೇ?

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಂಗಡಿಯವರು ಇದಕ್ಕೆಲ್ಲ ಯಾರೂ ಕೇಳುವುದಿಲ್ಲ ಎಂದು ಹೇಳಿದ್ದನ್ನು ನಂಬಬೇಡಿ. ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವವರು ಕಿಟ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.